ಐದು ತುಂಬದ ಹುಡುಗ ‘ಜನರಲ್’ ಆದದ್ದು ಹೇಗೆ?

ಮೊಬೈಲಿನಲ್ಲಿ ಆಗಾಗ ಒಂದು ಹಳೆಯ ಫೋಟೊ ಓಡಾಡುತ್ತಿರುತ್ತದೆ. ಮದುವೆ ಬಟ್ಟೆ ತೊಟ್ಟ ಒಂದು ಜೋಡಿ, ಪಕ್ಕದಲ್ಲಿ ಇನ್ನೊಬ್ಬ ಗಂಡಸು, ಇನ್ನೊಬ್ಬಳು ಹೆಂಗಸು. ನಾಲ್ವರೂ ಚಿಕ್ಕ ಮಕ್ಕಳಷ್ಟೇ ಎತ್ತರ, ಮುಖ ಮಾತ್ರ ದೊಡ್ಡವರದು. ಈಗೀಗ ಅದಕ್ಕೆ ಬಣ್ಣ ಬೇರೆ ಹಚ್ಚಿ ಹಂಚುತ್ತಾರೆ. ಫೋಟೊ ನೋಡಿದವರಿಗೆ ಮೊದಲು ಬರುವ ಪ್ರಶ್ನೆ, ಇದು ನಿಜವಾ ಅಥವಾ ಯಾರೋ ಕಂಪ್ಯೂಟರಿನಲ್ಲಿ ಮಾಡಿದ್ದಾ ಅಂತ.

ನಿಜವೇ. ಅದು 1863ರ ಫೆಬ್ರುವರಿ 10ರಂದು ನ್ಯೂಯಾರ್ಕಿನ ಗ್ರೇಸ್ ಚರ್ಚಿನಲ್ಲಿ ನಡೆದ ಮದುವೆಯ ನೆನಪಿನ ಫೋಟೊ. ಮದುಮಗ ಚಾರ್ಲ್ಸ್ ಸ್ಟ್ರ್ಯಾಟನ್. ಜಗತ್ತಿಗೆ ಆತ ಗೊತ್ತಿದ್ದದ್ದು ‘ಜನರಲ್ ಟಾಮ್ ಥಂಬ್’ ಅನ್ನುವ ಹೆಸರಿನಲ್ಲಿ. ಆತ ಸೈನ್ಯದಲ್ಲಿ ಇರಲಿಲ್ಲ, ಹೆಸರು ಟಾಮ್ ಅಲ್ಲ, ಮೊದಲ ಪೋಸ್ಟರಿನಲ್ಲಿ ಹಾಕಿದ್ದ ವಯಸ್ಸು ಸುಳ್ಳು, ಊರೂ ಸುಳ್ಳು. ಎತ್ತರ ಒಂದು ಮಾತ್ರ ನಿಜ. ಆ ಒಂದು ನಿಜದ ಸುತ್ತ ಉಳಿದದ್ದನ್ನೆಲ್ಲ ಹೇಗೆ ಕಟ್ಟಿದರು, ಅದರಿಂದ ಯಾರಿಗೆ ಏನು ಸಿಕ್ಕಿತು ಅನ್ನುವುದೇ ಈತನ ಕಥೆ.

ಹುಟ್ಟಿದಾಗ ದಪ್ಪ ಮಗು

ಚಾರ್ಲ್ಸ್ ಹುಟ್ಟಿದ್ದು 1838ರ ಜನವರಿ 4ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ಊರಿನಲ್ಲಿ. ಅಪ್ಪ ಬಡಗಿ. ಅಪ್ಪ, ಅಮ್ಮ, ಅಕ್ಕಂದಿರು ಎಲ್ಲರೂ ಸಾಮಾನ್ಯ ಎತ್ತರದವರು. ಮಗು ಹುಟ್ಟಿದಾಗ 4 ಕಿಲೋಗಿಂತ ಜಾಸ್ತಿ ತೂಕ ಇತ್ತು, ಅಂದರೆ ಒಳ್ಳೆ ದಪ್ಪ ಮಗುವೇ. ಆರು ತಿಂಗಳವರೆಗೆ ಎಲ್ಲ ಮಕ್ಕಳ ಹಾಗೇ ಬೆಳೆಯಿತು. ಆಮೇಲೆ ಬೆಳವಣಿಗೆ ನಿಂತೇ ಹೋಯಿತು. ಸುಮಾರು 25 ಇಂಚು, ಅಂದರೆ 64 ಸೆಂಟಿಮೀಟರ್ ಎತ್ತರ, 15 ಪೌಂಡ್ ಅಂದರೆ 7 ಕಿಲೋದ ಹತ್ತಿರ ತೂಕ. ನಾಲ್ಕು ವರ್ಷವಾದಾಗಲೂ ಹೆಚ್ಚುಕಡಿಮೆ ಅಷ್ಟೇ. ನಡೆಯುತ್ತಿದ್ದ, ಓಡುತ್ತಿದ್ದ, ಅರಳು ಹುರಿದಂತೆ ಮಾತಾಡುತ್ತಿದ್ದ. ಬುದ್ಧಿ ಬೆಳೆಯುತ್ತಲೇ ಇತ್ತು, ಮೈ ಮಾತ್ರ ಬೆಳೆಯಲಿಲ್ಲ.

ಬೆಳವಣಿಗೆ ನಿಂತದ್ದು ಯಾಕೆ?

ಆ ಕಾಲದ ವೈದ್ಯರಿಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಇವತ್ತಿನ ವೈದ್ಯರು ಆತ ಬೆಳೆದ ರೀತಿ ಮತ್ತು ಫೋಟೊಗಳನ್ನು ನೋಡಿ, ಇದು ಬೆಳವಣಿಗೆಯ ಹಾರ್ಮೋನಿನ ಕೊರತೆ ಇರಬೇಕು ಅನ್ನುತ್ತಾರೆ.

ನಮ್ಮ ಮೆದುಳಿನ ತಳಭಾಗದಲ್ಲಿ, ಮೂಗಿನ ಬುಡದ ಹಿಂದೆ, ಪಿಟ್ಯುಟರಿ ಅನ್ನುವ ಗ್ರಂಥಿ ಇದೆ. ಗಾತ್ರ ಬಟಾಣಿ ಕಾಳಿನಷ್ಟು. ಬೆಳವಣಿಗೆಯ ಹಾರ್ಮೋನ್ ಬರುವುದು ಅಲ್ಲಿಂದ. ಮಕ್ಕಳ ಉದ್ದನೆಯ ಮೂಳೆಗಳ ತುದಿಯ ಹತ್ತಿರ ಮೆತ್ತಗಿನ ಪಟ್ಟಿಗಳಿರುತ್ತವೆ, ಮೂಳೆ ಉದ್ದವಾಗುವುದು ಆ ಜಾಗದಲ್ಲೇ. ಹಾರ್ಮೋನ್ ಸಾಕಷ್ಟು ಬರದಿದ್ದರೆ ಆ ಪಟ್ಟಿಗಳಿಗೆ ಕೆಲಸ ಮಾಡು ಅನ್ನುವ ಸುದ್ದಿ ಮುಟ್ಟುವುದಿಲ್ಲ. ಹಾಗಾದರೆ ಹುಟ್ಟಿದಾಗ ಅಷ್ಟು ದಪ್ಪ ಇದ್ದದ್ದು ಹೇಗೆ? ತಾಯಿಯ ಹೊಟ್ಟೆಯಲ್ಲಿರುವಾಗ ಮಗುವಿನ ಬೆಳವಣಿಗೆ ಈ ಹಾರ್ಮೋನಿನ ಮೇಲೆ ಅಷ್ಟಾಗಿ ನಿಂತಿರುವುದಿಲ್ಲ. ಅದರ ಅಗತ್ಯ ಜಾಸ್ತಿಯಾಗುವುದು ಹುಟ್ಟಿ ಕೆಲವು ತಿಂಗಳಾದ ಮೇಲೆ. ಕೊರತೆ ಹೊರಗೆ ಕಾಣುವುದೂ ಆಗಲೇ.

ಇದನ್ನು ಇನ್ನೊಂದು ಸ್ಥಿತಿಯ ಜೊತೆ ಬೆರೆಸಬಾರದು. ಕುಬ್ಜತೆಗೆ ಹೆಚ್ಚಾಗಿ ಕಾಣುವ ಕಾರಣ ಅಕಾಂಡ್ರೋಪ್ಲೇಸಿಯಾ, ಅದು ಮೂಳೆ ಬೆಳೆಯುವುದಕ್ಕೆ ಸಂಬಂಧಿಸಿದ ಒಂದು ಜೀನಿನಲ್ಲಾಗುವ ಬದಲಾವಣೆ. ಅದರಲ್ಲಿ ಕೈಕಾಲು ಗಿಡ್ಡ, ಮುಂಡ ಸಾಮಾನ್ಯ ಗಾತ್ರ, ತಲೆ ಸ್ವಲ್ಪ ದೊಡ್ಡದು. ಹಾರ್ಮೋನ್ ಕೊರತೆಯಲ್ಲಿ ಹಾಗಲ್ಲ, ಎಲ್ಲವೂ ಅಳತೆಗೆ ತಕ್ಕಂತೆ ಚಿಕ್ಕದಾಗಿರುತ್ತವೆ. ಜನ ಚಾರ್ಲ್ಸ್‌ನನ್ನು ನೋಡಿ ‘ಪುಟಾಣಿ ದೊಡ್ಡ ಮನುಷ್ಯ’ ಅಂದುಕೊಂಡದ್ದು ಈ ಅಳತೆಯಿಂದಲೇ, ಮತ್ತು ಪ್ರದರ್ಶನ ನಡೆಸುವವರಿಗೆ ಬೇಕಿದ್ದದ್ದೂ ಅದೇ.

ಆತ ಕೊನೆವರೆಗೂ 25 ಇಂಚೇ ಇದ್ದ ಅಂದುಕೊಳ್ಳಬೇಡಿ. ಹದಿಹರೆಯ ಬಂದ ಮೇಲೆ ನಿಧಾನವಾಗಿ ಬೆಳೆದ. 21 ತುಂಬಿದಾಗ 3 ಅಡಿಗೆ ಸ್ವಲ್ಪ ಕಡಿಮೆ, ಸಾಯುವ ಹೊತ್ತಿಗೆ 3 ಅಡಿ 4 ಇಂಚು. ಹಾರ್ಮೋನ್ ಕೊರತೆ ಇರುವವರಲ್ಲಿ ಪ್ರೌಢಾವಸ್ಥೆ ತಡವಾಗಿ ಬರುವುದುಂಟು. ಹಾಗಾದಾಗ ಮೂಳೆಯ ಬೆಳೆಯುವ ಪಟ್ಟಿಗಳೂ ತಡವಾಗಿ ಮುಚ್ಚಿಕೊಳ್ಳುತ್ತವೆ.

ಈಗ ಇದಕ್ಕೆ ಚಿಕಿತ್ಸೆ ಇದೆ. 1950ರ ದಶಕದ ಕೊನೆಯಲ್ಲಿ ಸತ್ತವರ ಪಿಟ್ಯುಟರಿಯಿಂದ ಹಾರ್ಮೋನ್ ತೆಗೆದು ಕೊಡುವುದು ಶುರುವಾಯಿತು. ಕೆಲವರಿಗೆ ಅದರಿಂದ ಮೆದುಳಿನ ಮಾರಕ ರೋಗ ಬಂದದ್ದು ಗೊತ್ತಾಗಿ 1985ರಲ್ಲಿ ಅಮೆರಿಕದಲ್ಲಿ ಅದನ್ನು ನಿಲ್ಲಿಸಿದರು, ಅದೇ ವರ್ಷ ಪ್ರಯೋಗಾಲಯದಲ್ಲಿ ತಯಾರಾದ ಹಾರ್ಮೋನ್ ಬಂತು. ಮೂಳೆಯ ಪಟ್ಟಿಗಳು ಮುಚ್ಚುವ ಮೊದಲೇ ಇಂಜೆಕ್ಷನ್ ಶುರುವಾಗಬೇಕು, ಆಮೇಲೆ ಕೊಟ್ಟರೆ ಎತ್ತರ ಹೆಚ್ಚುವುದಿಲ್ಲ. ಇನ್ನು ನಮ್ಮ ದೇಶದ ಕಾನೂನಿನ ವಿಷಯ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕುಬ್ಜತೆಯೂ ಸೇರಿದೆ. ವಯಸ್ಕರ ಎತ್ತರ 4 ಅಡಿ 10 ಇಂಚು, ಅಂದರೆ 147 ಸೆಂಟಿಮೀಟರ್, ಅಥವಾ ಅದಕ್ಕಿಂತ ಕಡಿಮೆ ಇರಬೇಕು ಅನ್ನುವುದು ಅದರ ಅಳತೆ.

ಬಾರ್ನಮ್ ಯಾರು, ಆತನ ಮ್ಯೂಸಿಯಂ ಎಂಥದು?

1842ರ ನವೆಂಬರಿನಲ್ಲಿ ಪಿ.ಟಿ. ಬಾರ್ನಮ್ ಅನ್ನುವ ಪ್ರದರ್ಶನಗಳ ವ್ಯಾಪಾರಿ ಬ್ರಿಜ್‌ಪೋರ್ಟಿನಲ್ಲಿ ಒಂದು ರಾತ್ರಿ ಉಳಿದುಕೊಂಡ. ಊರಿನಲ್ಲಿ ಇಂಥ ಹುಡುಗ ಇದ್ದಾನೆ ಅಂತ ಕೇಳಿ ಕರೆಸಿಕೊಂಡ. ಅಪ್ಪ ಅಮ್ಮನ ಜೊತೆ ಮಾತಾದದ್ದು ಇಷ್ಟು: ನಾಲ್ಕು ವಾರದ ಕೆಲಸ, ವಾರಕ್ಕೆ 3 ಡಾಲರ್, ತಾಯಿ ಮಗುವಿನ ಊಟ ವಸತಿ ಪ್ರಯಾಣದ ಖರ್ಚು ಬಾರ್ನಮ್‌ದು.

ಬಾರ್ನಮ್ ಅಂದ ಕೂಡಲೇ ಎಲ್ಲರಿಗೂ ಸರ್ಕಸ್ ನೆನಪಾಗುತ್ತದೆ. ಆದರೆ ಆತನ ಹೆಸರಿನ ದೊಡ್ಡ ಸರ್ಕಸ್ ಶುರುವಾಗಿದ್ದು 1871ರಲ್ಲಿ. 1842ರಲ್ಲಿ ಆತನ ಕೈಯಲ್ಲಿದ್ದದ್ದು ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯ ‘ಅಮೆರಿಕನ್ ಮ್ಯೂಸಿಯಂ’. ಪ್ರವೇಶಕ್ಕೆ 25 ಸೆಂಟ್. ಮ್ಯೂಸಿಯಂ ಅಂದರೆ ಇವತ್ತಿನ ಹಾಗೆ ಗಾಜಿನ ಪೆಟ್ಟಿಗೆ, ಮೌನ, ‘ಮುಟ್ಟಬೇಡಿ’ ಫಲಕ ಅಲ್ಲ. ನಮ್ಮ ಕಡೆಯ ದೊಡ್ಡ ಜಾತ್ರೆಯನ್ನು ತಂದು ಐದು ಮಹಡಿ ಕಟ್ಟಡದೊಳಗೆ ತುಂಬಿದ ಹಾಗೆ: ಪ್ರಾಣಿ, ಪಕ್ಷಿ, ಚಿತ್ರ, ನಾಟಕ, ಜಾದೂ, ದೈತ್ಯರು, ಕುಬ್ಜರು, ಅದರ ಮಧ್ಯೆ ಒಂದಿಷ್ಟು ಶುದ್ಧ ಮೋಸ. ಅದೇ ವರ್ಷ ಆತ ‘ಮತ್ಸ್ಯಕನ್ಯೆ’ ಅಂತ ತೋರಿಸಿದ್ದು ಕೋತಿಯ ಮೇಲ್ಭಾಗಕ್ಕೆ ಮೀನಿನ ಬಾಲ ಹೊಲಿದ ಒಣಗಿದ ವಸ್ತುವನ್ನು. ಇನ್ನೂ ಹಿಂದೆ, 1835ರಲ್ಲಿ, ಜಾಯ್ಸ್ ಹೆತ್ ಅನ್ನುವ ಗುಲಾಮ ಮುದುಕಿಯನ್ನು ‘161 ವರ್ಷದ ಅಜ್ಜಿ, ಜಾರ್ಜ್ ವಾಷಿಂಗ್ಟನ್‌ರನ್ನು ಸಾಕಿದವಳು’ ಅಂತ ಊರೂರು ಸುತ್ತಿಸಿದ್ದ. ಆಕೆ ಸತ್ತ ಮೇಲೆ ಟಿಕೆಟ್ ಇಟ್ಟು ಶವಪರೀಕ್ಷೆಯನ್ನೂ ಜನರೆದುರು ಮಾಡಿಸಿದ. ಆಕೆಗೆ 80ರ ಆಸುಪಾಸು ಅಂತ ಅಲ್ಲಿ ಗೊತ್ತಾಯಿತು. ಬಡಗಿಯ ಮಗ ಹೋಗಿ ಸೇರಿದ್ದು ಇಂಥವನ ಹತ್ತಿರ.

ವಯಸ್ಸಿನ ಸುಳ್ಳು ಯಾಕೆ ಬೇಕಿತ್ತು?

ಮಗನನ್ನು ಕರೆದುಕೊಂಡು ನ್ಯೂಯಾರ್ಕಿಗೆ ಬಂದ ತಾಯಿ ಪೋಸ್ಟರ್ ನೋಡಿ ಬೆಚ್ಚಿಬಿದ್ದಳಂತೆ. ‘ಜನರಲ್ ಟಾಮ್ ಥಂಬ್, ವಯಸ್ಸು 11, ಈಗಷ್ಟೇ ಇಂಗ್ಲೆಂಡಿನಿಂದ ಬಂದವನು’ ಅಂತ ಅದರಲ್ಲಿತ್ತು. ಹುಡುಗನಿಗೆ ಇನ್ನೂ ಐದು ತುಂಬಿರಲಿಲ್ಲ.

ಬಾರ್ನಮ್ ಆಮೇಲೆ ತನ್ನ ಆತ್ಮಕಥೆಯಲ್ಲಿ ಇದನ್ನೆಲ್ಲ ಯಾವ ಮುಚ್ಚುಮರೆ ಇಲ್ಲದೆ ಬರೆದುಕೊಂಡಿದ್ದಾನೆ. ಐದು ವರ್ಷದ ಹುಡುಗ ಚಿಕ್ಕದಾಗಿದ್ದಾನೆ ಅಂದರೆ ‘ಇನ್ನೂ ಬೆಳೀತಾನೆ ಬಿಡಿ’ ಅಂತ ಜನ ಹೊರಟುಹೋಗುತ್ತಾರೆ. ಹನ್ನೊಂದು ಅಂದರೆ ಆ ಅನುಮಾನಕ್ಕೆ ಜಾಗ ಇಲ್ಲ. ಇಂಗ್ಲೆಂಡಿನವನು ಅಂದದ್ದು, ಆ ಕಾಲದ ಅಮೆರಿಕನ್ನರಿಗೆ ಹೊರದೇಶದಿಂದ ಬಂದದ್ದರ ಮೇಲೆ ಮೋಹ ಜಾಸ್ತಿ ಅಂತ. ಟಾಮ್ ಥಂಬ್ ಅಂದರೆ ಇಂಗ್ಲಿಷ್ ಜನಪದ ಕಥೆಯ ಹೆಬ್ಬೆರಳುದ್ದದ ಹುಡುಗ, ಹೆಸರು ಕೇಳಿದರೆ ಸಾಕು ಗುರುತು ಸಿಗುತ್ತಿತ್ತು. ಅದರ ಮುಂದೆ ‘ಜನರಲ್’ ಸೇರಿಸಿದ್ದು ತಮಾಷೆಗೆ. ಅಷ್ಟು ಪುಟ್ಟ ಮೈಗೆ ಅಷ್ಟು ದೊಡ್ಡ ಪದವಿ!

ಈ ಸುಳ್ಳಿಗೆ ಬೆಲೆ ಕೊಟ್ಟವನು ಮಾತ್ರ ಹುಡುಗ. ಹನ್ನೊಂದರವನ ಹಾಗೆ ನಡೆದುಕೊಳ್ಳಬೇಕಿತ್ತಲ್ಲ. ಐದನೇ ವಯಸ್ಸಿಗೇ ಜನರ ಮೋಜಿಗೆ ವೈನ್ ಕುಡಿಯುತ್ತಿದ್ದ, ಏಳರ ಹೊತ್ತಿಗೆ ಸಿಗಾರ್ ಸೇದುತ್ತಿದ್ದ.

ಸುಮ್ನೆ ನಿಂತಿರುತ್ತಿದ್ದನಾ?

ಇಲ್ಲ. ಅಲ್ಲಿ ಇದ್ದ ಬಹುತೇಕರ ಕೆಲಸ ಕೂತು ನೋಡಿಸಿಕೊಳ್ಳುವುದಷ್ಟೇ ಆಗಿತ್ತು. ಚಾರ್ಲ್ಸ್ ನಟನಾದ. ಬಾರ್ನಮ್ ಹಗಲು ರಾತ್ರಿ ಕೂತು ಹಾಡು, ಕುಣಿತ, ಸಂಭಾಷಣೆ ಕಲಿಸಿದ. ಹುಡುಗ ಬೇಗ ಕಲಿತ, ತನ್ನದನ್ನೂ ಸೇರಿಸಿದ. ರೆಕ್ಕೆ ಕಟ್ಟಿಕೊಂಡು ಮನ್ಮಥನ ಪಾತ್ರ, ಸ್ಕಾಟ್ಲೆಂಡಿನ ಉಡುಪಿನಲ್ಲಿ ಕುಣಿತ, ಗ್ರೀಕ್ ಪ್ರತಿಮೆಗಳ ಹಾಗೆ ಅಲ್ಲಾಡದೆ ನಿಲ್ಲುವುದು, ‘ಯಾಂಕಿ ಡೂಡಲ್’ ಹಾಡು, ಮತ್ತು ಎಲ್ಲಕ್ಕಿಂತ ಹೆಸರಾದ ನೆಪೋಲಿಯನ್ ವೇಷ. ಕೈ ಬೆನ್ನಿಗೆ ಕಟ್ಟಿ, ತಲೆ ತಗ್ಗಿಸಿ, ಯೋಚಿಸುತ್ತಾ ಶತಪಥ ಹಾಕುವ ನೆಪೋಲಿಯನ್. ಲಂಡನ್ನಿನಲ್ಲಿ ವೆಲಿಂಗ್ಟನ್ ದೊರೆ, ಅಂದರೆ ವಾಟರ್ಲೂನಲ್ಲಿ ನಿಜವಾದ ನೆಪೋಲಿಯನ್ನನನ್ನು ಸೋಲಿಸಿದವನೇ, ಈ ವೇಷ ನೋಡಿ ಏನು ಯೋಚಿಸುತ್ತಿದ್ದೀಯ ಅಂತ ಕೇಳಿದನಂತೆ. ‘ವಾಟರ್ಲೂ ಸೋತದ್ದನ್ನು’ ಅಂದನಂತೆ ಹುಡುಗ. ಈ ಪ್ರಸಂಗ ಹೇಳಿದವನು ಬಾರ್ನಮ್, ಹಾಗಾಗಿ ಸ್ವಲ್ಪ ಉಪ್ಪು ಖಾರ ಸೇರಿಸಿದ್ದರೂ ಆಶ್ಚರ್ಯ ಇಲ್ಲ.

ರಾಣಿಯ ಅರಮನೆ, ರಾಣಿಯ ದಿನಚರಿ

1844ರ ಜನವರಿಯಲ್ಲಿ ಬಾರ್ನಮ್ ಹುಡುಗನನ್ನೂ ಅವನ ಅಪ್ಪ ಅಮ್ಮನನ್ನೂ ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದ. ಅಲ್ಲಿ ಆತನ ಗುರಿ ಒಂದೇ, ರಾಣಿಯ ಭೇಟಿ. ರಾಣಿ ನೋಡಿದಳು ಅಂದರೆ ಶ್ರೀಮಂತರು ನೋಡುತ್ತಾರೆ, ಶ್ರೀಮಂತರು ನೋಡಿದರೆ ಉಳಿದವರೂ ಸಾಲು ನಿಲ್ಲುತ್ತಾರೆ. ಮಾರ್ಚ್ 23ರಂದು ಬಕಿಂಗ್‌ಹ್ಯಾಮ್ ಅರಮನೆಗೆ ಕರೆ ಬಂತು.

ಹಾಡು ಕುಣಿತ ಎಲ್ಲ ಚೆನ್ನಾಗಿ ಆಯಿತು. ತೊಂದರೆ ಬಂದದ್ದು ಹೊರಡುವಾಗ. ರಾಣಿಗೆ ಬೆನ್ನು ತೋರಿಸಬಾರದು, ಹಿಂದೆ ಹಿಂದೆ ನಡೆಯುತ್ತಾ ಹೋಗಬೇಕು. ಉದ್ದನೆಯ ಕೋಣೆ, ಪುಟ್ಟ ಕಾಲು. ಹಿಂದುಳಿದ ಹುಡುಗ ತಿರುಗಿ ನಾಲ್ಕು ಹೆಜ್ಜೆ ಓಡುವುದು, ಮತ್ತೆ ರಾಣಿಯ ಕಡೆ ಮುಖ ಮಾಡಿ ಹಿಂದಕ್ಕೆ ನಡೆಯುವುದು, ಮತ್ತೆ ಓಡುವುದು. ಇದನ್ನು ನೋಡಿ ರಾಣಿಯ ನಾಯಿಗೆ ರೇಗಿಹೋಯಿತು, ಬೊಗಳುತ್ತಾ ಮೇಲೆ ಬಂತು. ಹುಡುಗ ಕೈಲಿದ್ದ ಪುಟ್ಟ ಬೆತ್ತ ತೆಗೆದು ನಾಯಿಯ ಜೊತೆ ಕತ್ತಿವರಸೆಗೆ ನಿಂತ. ಆಸ್ಥಾನದವರೆಲ್ಲ ನಕ್ಕು ನಕ್ಕು ಸುಸ್ತಾದರು.

ಎಲ್ಲರೂ ಹೇಳುವ ಕಥೆ ಇಷ್ಟು. ಅದೇ ದಿನ ವಿಕ್ಟೋರಿಯಾ ರಾಣಿ ತನ್ನ ದಿನಚರಿಯಲ್ಲಿ ಬರೆದಿರುವುದನ್ನು ಜಾಸ್ತಿ ಜನ ಹೇಳುವುದಿಲ್ಲ. ಇಂಥ ಸೋಜಿಗವನ್ನು ನಾನು ನೋಡಿಯೇ ಇರಲಿಲ್ಲ ಅಂತ ಬರೆದವಳು, ಮುಂದೆ ಆ ಪುಟ್ಟ ಜೀವದ ಬಗ್ಗೆ ತುಂಬ ಮರುಕ ಆಗುತ್ತದೆ, ಅವನನ್ನು ಸರಿಯಾಗಿ ನೋಡಿಕೊಂಡರೆ ಸಾಕು, ಪ್ರದರ್ಶನ ಮಾಡುವವರು ಅವನನ್ನು ಬಹಳ ಗೋಳುಹೊಯ್ದುಕೊಳ್ಳುತ್ತಾರೆ ಅನ್ನಿಸುತ್ತದೆ ಅನ್ನುವ ಅರ್ಥದ ಮಾತು ಸೇರಿಸಿದ್ದಾಳೆ. ಹಾಗಂತ ಮತ್ತೆ ಕರೆಸುವುದನ್ನೇನೂ ಬಿಡಲಿಲ್ಲ.

ಲಂಡನ್ನಿನ ಪಿಕಡಿಲಿಯ ‘ಈಜಿಪ್ಷಿಯನ್ ಹಾಲ್’ನಲ್ಲಿ ದಿನಕ್ಕೆ ಸರಾಸರಿ 500 ಡಾಲರ್ ಬರುತ್ತಿತ್ತು ಅನ್ನುವುದು ಬಾರ್ನಮ್ ಕೊಡುವ ಲೆಕ್ಕ. ಹುಡುಗನಿಗೆ ಪುಟ್ಟ ಸಾರೋಟು, ಅದಕ್ಕೆ ಪುಟ್ಟ ಕುದುರೆಗಳು. ಬೀದಿಯಲ್ಲಿ ಹೋದರೆ ಅದೇ ಜಾಹೀರಾತು. 1846ರಲ್ಲಿ ಅದೇ ಕಟ್ಟಡದಲ್ಲಿ ಬೆಂಜಮಿನ್ ಹೇಡನ್ ಅನ್ನುವ ಚಿತ್ರಕಾರ ತನ್ನ ದೊಡ್ಡ ದೊಡ್ಡ ಚಿತ್ರಗಳನ್ನು ಇಟ್ಟಿದ್ದ. ಒಂದು ವಾರದಲ್ಲಿ ಟಾಮ್ ಥಂಬ್ ನೋಡಲು 12,000 ಜನ, ನನ್ನ ಚಿತ್ರ ನೋಡಲು 133½ ಅಂತ ದಿನಚರಿಯಲ್ಲಿ ಬರೆದುಕೊಂಡ. ಅರ್ಧ ಅಂದರೆ ಒಂದು ಚಿಕ್ಕ ಹುಡುಗಿ. ಮೊದಲೇ ಸಾಲದಲ್ಲಿ ಮುಳುಗಿದ್ದ ಹೇಡನ್ ಆ ಜೂನ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡ.

ದುಡ್ಡು ಯಾರಿಗೆ ಹೋಯಿತು?

ಮೊದಲು ವಾರಕ್ಕೆ 3 ಡಾಲರ್. ಆಮೇಲೆ 7, ಆಮೇಲೆ 25, ಯುರೋಪಿಗೆ ಹೊರಡುವಾಗ 50. ಯುರೋಪಿನಲ್ಲಿ ಜನ ಮುಗಿಬಿದ್ದ ಮೇಲೆ, 1845ರ ಜನವರಿಯಿಂದ ಸಂಬಳ ನಿಂತು ಪಾಲುದಾರಿಕೆ ಬಂತು: ಲಾಭದಲ್ಲಿ ಅರ್ಧ ಬಾರ್ನಮ್‌ಗೆ, ಅರ್ಧ ಹುಡುಗನ ಪರವಾಗಿ ಅಪ್ಪನಿಗೆ. 1847ರಲ್ಲಿ ಅಮೆರಿಕಕ್ಕೆ ಮರಳುವಷ್ಟರಲ್ಲಿ ಬಡಗಿಯ ಮನೆ ಶ್ರೀಮಂತರ ಮನೆಯಾಗಿತ್ತು. ಚಾರ್ಲ್ಸ್ ದೊಡ್ಡವನಾದ ಮೇಲೆ ಮನೆ, ಕುದುರೆ, ವಿಹಾರದ ಹಡಗು ಎಲ್ಲ ಇಟ್ಟುಕೊಂಡ.

ಆಮೇಲೆ ಲೆಕ್ಕ ತಿರುಗಿತು. ಗಡಿಯಾರ ತಯಾರಿಸುವ ಒಂದು ಕಂಪನಿಗೆ ಜಾಮೀನು ನಿಂತ ಬಾರ್ನಮ್ 1856ರ ಹೊತ್ತಿಗೆ ದಿವಾಳಿಯಾದ. ಆಗ ಚಾರ್ಲ್ಸ್‌ಗೆ 18 ವರ್ಷ. ಗಂಟುಮೂಟೆ ಕಟ್ಟಿಕೊಂಡು ಬರಲು ಸಿದ್ಧ ಅಂತ ತಾನಾಗಿ ಪತ್ರ ಬರೆದ, 1857ರಲ್ಲಿ ಬಾರ್ನಮ್ ಜೊತೆ ಮತ್ತೆ ಯುರೋಪ್ ಸುತ್ತಿದ. ಬಾರ್ನಮ್ ಚೇತರಿಸಿಕೊಂಡದ್ದರಲ್ಲಿ ಆ ಪ್ರವಾಸದ ಪಾಲು ದೊಡ್ಡದು. ಶೋಷಣೆಯೋ ಪಾಲುದಾರಿಕೆಯೋ ಅಂತ ಕೇಳಿದರೆ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಐದರ ವಯಸ್ಸಿನಲ್ಲಿ ಹುಡುಗನನ್ನು ಯಾರೂ ಕೇಳಲಿಲ್ಲ. ಹದಿನೆಂಟರಲ್ಲಿ ಹೋದದ್ದು ಆತನದೇ ತೀರ್ಮಾನ.

ಮದುಮಗಳು ಟೀಚರ್ ಆಗಿದ್ದವಳು

ಲವಿನಿಯಾ ವಾರನ್ ಹುಟ್ಟಿದ್ದು 1841ರಲ್ಲಿ, ಮ್ಯಾಸಚೂಸೆಟ್ಸ್‌ನ ಮಿಡಲ್‌ಬರೋದಲ್ಲಿ. ಎತ್ತರ 32 ಇಂಚು. 16ನೇ ವಯಸ್ಸಿಗೇ ಊರಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು, ಮಕ್ಕಳು ಆಕೆಗಿಂತ ಎತ್ತರ. ಆಮೇಲೆ ಮಿಸಿಸಿಪ್ಪಿ ನದಿಯ ಮೇಲೆ ತೇಲುವ ಪ್ರದರ್ಶನದ ದೋಣಿಯಲ್ಲಿ ಕೆಲಸ ಮಾಡಿ, 1862ರಲ್ಲಿ ಬಾರ್ನಮ್ ಹತ್ತಿರ ಬಂದಳು. ತಾನು ಮಗುವಲ್ಲ, ಹೆಂಗಸು ಅನ್ನುವುದನ್ನು ಜನರಿಗೆ ತಿಳಿಸುವುದೇ ಕಷ್ಟವಾಗಿತ್ತು ಅಂತ ಆಕೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಸ್ಟೀಫನ್ ಡಗ್ಲಸ್ ಅನ್ನುವ ದೊಡ್ಡ ರಾಜಕಾರಣಿ ಬಗ್ಗಿ ಮುತ್ತು ಕೊಡಲು ಬಂದಾಗ ಆಕೆ ಹಿಂದೆ ಸರಿದಳು. ನೋಡಲು ಬಂದವರೆಲ್ಲ ಎತ್ತಿಕೊಳ್ಳುವುದು, ಮುದ್ದಿಸುವುದು ತಮ್ಮ ಹಕ್ಕು ಅಂದುಕೊಂಡಿದ್ದ ಕಾಲ ಅದು.

ಚಾರ್ಲ್ಸ್‌ಗೂ ಲವಿನಿಯಾಗೂ ಮದುವೆ ನಿಶ್ಚಯವಾದಾಗ ಅಮೆರಿಕದ ಅಂತರ್ಯುದ್ಧ ಜೋರಾಗಿ ನಡೆಯುತ್ತಿತ್ತು. ಯುದ್ಧದ ಸುದ್ದಿ ಓದಿ ಓದಿ ಬೇಸತ್ತ ಜನರಿಗೆ ಈ ಮದುವೆ ಹಬ್ಬವಾಯಿತು. ಮ್ಯೂಸಿಯಂಗೆ ಜನ ನುಗ್ಗುತ್ತಿದ್ದರಿಂದ ಮದುವೆಯನ್ನು ಒಂದು ತಿಂಗಳು ಮುಂದೆ ಹಾಕಿದರೆ 15,000 ಡಾಲರ್ ಕೊಡುತ್ತೇನೆ ಅಂತ ತಾನು ಹೇಳಿದ್ದಾಗಿಯೂ, ಇಬ್ಬರೂ ಒಪ್ಪಲಿಲ್ಲವೆಂದೂ ಬಾರ್ನಮ್ ಬರೆದಿದ್ದಾನೆ. ಚರ್ಚಿನಲ್ಲಿ ಮದುಮಗನ ಪಕ್ಕ ನಿಂತವನು ಬಾರ್ನಮ್ ಹತ್ತಿರವೇ ಇದ್ದ ಇನ್ನೊಬ್ಬ ಕುಬ್ಜ ಕಲಾವಿದ ‘ಕಮೊಡೋರ್’ ನಟ್, ಮದುಮಗಳ ಪಕ್ಕ ಲವಿನಿಯಾಳ ತಂಗಿ ಮಿನ್ನಿ. ಫೋಟೊದಲ್ಲಿರುವ ನಾಲ್ವರು ಇವರೇ. ರಿಸೆಪ್ಷನ್‌ನಲ್ಲಿ ದಂಪತಿಯನ್ನು ದೊಡ್ಡ ಪಿಯಾನೋ ಮೇಲೆ ನಿಲ್ಲಿಸಿದ್ದರು, ಇಲ್ಲದಿದ್ದರೆ ಅತಿಥಿಗಳಿಗೆ ಕಾಣುವುದು ಹೇಗೆ? ಮೂರು ದಿನ ಕಳೆದು ಅಧ್ಯಕ್ಷ ಲಿಂಕನ್ ಶ್ವೇತಭವನದಲ್ಲಿ ಬರಮಾಡಿಕೊಂಡರು. ಆರಡಿ ನಾಲ್ಕಿಂಚಿನ ಲಿಂಕನ್!

ಇಲ್ಲದ ಮಗು

ಆಗ ಅಂಗೈ ಅಗಲದ ಗಟ್ಟಿ ಕಾಗದಕ್ಕೆ ಅಂಟಿಸಿದ ಫೋಟೊಗಳನ್ನು ಕೊಂಡು ಆಲ್ಬಮ್ಮಿನಲ್ಲಿ ಇಡುವ ಗೀಳು ಎಲ್ಲರಿಗೂ ಹತ್ತಿತ್ತು. ಮದುವೆ ಫೋಟೊ ರಾಶಿ ರಾಶಿ ಮಾರಾಟವಾಯಿತು. ಮದುವೆ ಆದ ಮೇಲೆ ಮಗು ಬೇಕಲ್ಲ, ದಂಪತಿಯ ತೊಡೆಯ ಮೇಲೆ ಮಗು ಇರುವ ಫೋಟೊವೂ ಬಂತು. ಮಗುವನ್ನು ಎತ್ತಿಕೊಂಡೇ ಪ್ರವಾಸ ಮಾಡಿದರು. ನಿಜ ಏನೆಂದರೆ ಅವರಿಗೆ ಮಕ್ಕಳೇ ಇರಲಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ ಲವಿನಿಯಾಳೇ ಬಾಯಿಬಿಟ್ಟಳು: ಅನಾಥ ಮಕ್ಕಳನ್ನು ತಂದು ತೋರಿಸುತ್ತಿದ್ದೆವು, ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಮಗು, ಫ್ರಾನ್ಸಿನಲ್ಲಿ ಫ್ರೆಂಚ್ ಮಗು. ನಾಟಕ ಮುಗಿಸಬೇಕಾದಾಗ ‘ಮಗು ತೀರಿಕೊಂಡಿತು’ ಅಂತ ಸುದ್ದಿ ಹೊರಟಿತು. ಆತನ ಬದುಕಿನ ಸುಳ್ಳುಗಳಲ್ಲೆಲ್ಲ ನನಗೆ ತೀರಾ ಕಸಿವಿಸಿ ಮಾಡಿದ್ದು ಇದು. ತಂಗಿ ಮಿನ್ನಿ ಮುಂದೆ ಮದುವೆಯಾಗಿ, 1878ರಲ್ಲಿ ಹೆರಿಗೆಯಲ್ಲೇ ಸತ್ತಳು.

ಲೋಕ ಸುತ್ತಿ ಬಂದವರು

1869ರಿಂದ 1872ರವರೆಗೆ ಮದುವೆ ಫೋಟೊದ ನಾಲ್ವರೂ ಮ್ಯಾನೇಜರ್ ಸಿಲ್ವೆಸ್ಟರ್ ಬ್ಲೀಕರ್ ಜೊತೆ ಭೂಮಿಗೇ ಒಂದು ಸುತ್ತು ಹಾಕಿದರು. ಅಮೆರಿಕದ ಪೂರ್ವ ಪಶ್ಚಿಮ ಸೇರಿಸುವ ರೈಲು ಆಗಷ್ಟೇ ಶುರುವಾಗಿತ್ತು. ಅದರಲ್ಲಿ ಕ್ಯಾಲಿಫೋರ್ನಿಯಾಕ್ಕೆ, ಅಲ್ಲಿಂದ ಹಡಗಿನಲ್ಲಿ ಜಪಾನ್, ಚೀನಾ, ಆಸ್ಟ್ರೇಲಿಯಾ, ಭಾರತ, ಈಜಿಪ್ಟ್. ಹೌದು, ನಮ್ಮ ದೇಶಕ್ಕೂ ಬಂದಿದ್ದರು. ಬ್ಲೀಕರ್ ಇಟ್ಟ ಲೆಕ್ಕದ ಪ್ರಕಾರ ಒಟ್ಟು 55,487 ಮೈಲಿ, 587 ಊರು, 1,471 ಪ್ರದರ್ಶನ.

1883ರ ಜನವರಿ 10ರಂದು ಮಿಲ್ವಾಕಿ ನಗರದ ನ್ಯೂಹಾಲ್ ಹೋಟೆಲಿಗೆ ಬೆಂಕಿ ಬಿತ್ತು, 70ಕ್ಕೂ ಹೆಚ್ಚು ಜನ ಸತ್ತರು. ಅದೇ ಹೋಟೆಲಿನಲ್ಲಿದ್ದ ಚಾರ್ಲ್ಸ್ ಮತ್ತು ಲವಿನಿಯಾ ಪಾರಾದರು, ಬ್ಲೀಕರ್ ಹೆಂಡತಿ ಉಳಿಯಲಿಲ್ಲ. ಅದಾಗಿ ಆರು ತಿಂಗಳಿಗೆ, ಜುಲೈ 15ರಂದು, ಚಾರ್ಲ್ಸ್ ಪಾರ್ಶ್ವವಾಯು ಹೊಡೆದು ತೀರಿಕೊಂಡ. ವಯಸ್ಸು 45. ಅಂತ್ಯಕ್ರಿಯೆಗೆ ಬ್ರಿಜ್‌ಪೋರ್ಟಿನಲ್ಲಿ ಸಾವಿರಾರು ಜನ ಸೇರಿದ್ದರು. ಸಮಾಧಿಯ ಎತ್ತರದ ಕಂಬದ ಮೇಲೆ ಆತನ ಅಳತೆಯದೇ ಪ್ರತಿಮೆ ಇದೆ. 1891ರಲ್ಲಿ ಸತ್ತ ಬಾರ್ನಮ್‌ನನ್ನು ಮಣ್ಣು ಮಾಡಿದ್ದೂ ಅದೇ ಸ್ಮಶಾನದಲ್ಲಿ.

ಲವಿನಿಯಾ ಅದಾದ ಮೇಲೆ 36 ವರ್ಷ ಬದುಕಿದಳು. 1885ರಲ್ಲಿ ಇಟಲಿಯ ಕುಬ್ಜ ಕಲಾವಿದ ಪ್ರಿಮೋ ಮ್ಯಾಗ್ರಿಯನ್ನು ಮದುವೆಯಾಗಿ ಮತ್ತೆ ವೇದಿಕೆ ಹತ್ತಿದಳು. ಮೊದಲ ಮದುವೆಯ ಕೇಕಿನ ತುಂಡೊಂದನ್ನು 1905ರಲ್ಲಿ ಮಿನ್ನಿ ಮ್ಯಾಡರ್ನ್ ಫಿಸ್ಕ್ ಅನ್ನುವ ನಟಿಗೆ ಕಳಿಸಿಕೊಟ್ಟಳು, ಜೊತೆಗಿದ್ದ ಪತ್ರದಲ್ಲಿ ನಾನು ಬದುಕಿಯೇ ಇಲ್ಲ ಅಂತ ಜನ ತಿಳಿದುಕೊಂಡಿದ್ದಾರೆ ಅಂತ ಬರೆದಿದ್ದಳು. ಆಗಲೇ 42 ವರ್ಷ ಹಳೆಯದಾಗಿದ್ದ ಆ ಕೇಕ್ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. 1915ರಲ್ಲಿ, 70 ದಾಟಿದ್ದ ಆಕೆ, ಗಂಡನ ಜೊತೆ ಒಂದು ಮೂಕಿ ಚಿತ್ರದಲ್ಲೂ ನಟಿಸಿದಳು. ತೀರಿಕೊಂಡದ್ದು 1919ರ ನವೆಂಬರಿನಲ್ಲಿ, ಹುಟ್ಟೂರು ಮಿಡಲ್‌ಬರೋದಲ್ಲೇ.